ವೇಳಾಪಟ್ಟಿ ಮತ್ತು ಕಾಲುದಾರಿ: ಇಂಗ್ಲೆಂಡಿನ ರೈಲು ಚಾರಣದ ಚರಿತ್ರೆ

ಇಂಗ್ಲೆಂಡಿನ ಬೆಟ್ಟಗಾಡಿನಲ್ಲಿ ರಜೆಯ ಮೂರು ನಾಲ್ಕು ದಿನಗಳನ್ನು ಕಾಲ್ನಡಿಗೆಯಲ್ಲಿ ಕಳೆಯುವ ಪದ್ಧತಿಯ ಚರಿತ್ರೆಯನ್ನು ರೊಮ್ಯಾಂಟಿಕ್ ಕವಿಗಳಿಂದ ಆರಂಭಿಸುವುದು ವಾಡಿಕೆ. ನಿಸರ್ಗದ ಬಗೆಗಿನ ಹೊಸ ಒಲವು ಅವರಿಂದ ಬಂದುದು ನಿಜವೇ ಆದರೂ, ಹತ್ತಿಗಿರಣಿಯ ನೂಲುಗಾರನೋ ಉಕ್ಕಿನ ಕಾರ್ಖಾನೆಯ ಕೆಲಸಗಾರನೋ ಶನಿವಾರ ಮಧ್ಯಾಹ್ನ ಬೆನ್ನಿಗೆ ಚೀಲವೇರಿಸಿ ಹೊರಟು ಸೋಮವಾರ ರಾತ್ರಿ ಮನೆ ಸೇರುವಂತಾಗಲು ಒಲವೊಂದೇ ಸಾಲುತ್ತಿರಲಿಲ್ಲ. ಕಡಿಮೆ ದರದ ರೈಲು ಟಿಕೆಟ್, ಕಾನೂನು ಕೊಟ್ಟ ರಜೆ, ನಂಬಬಹುದಾದ ನಕ್ಷೆ, ನಡುದಾರಿಯಲ್ಲೊಂದು ಅಗ್ಗದ ತಂಗುದಾಣ ಇವೆಲ್ಲ 1840ರಿಂದ 1930ರವರೆಗಿನ ಅವಧಿಯಲ್ಲಿ ಒಂದೊಂದಾಗಿ ಒದಗಿಬಂದವು. ಇವುಗಳಲ್ಲಿ ರೈಲಿನ ಪಾತ್ರ ಎಷ್ಟು ದೊಡ್ಡದೆಂದರೆ, ನಡಿಗೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕು ಮತ್ತು ಅದರ ಆಕಾರ ಹೇಗಿರಬೇಕು ಎಂಬುದನ್ನು ಕೂಡ ಬಹುಮಟ್ಟಿಗೆ ಅದೇ ನಿರ್ಧರಿಸಿತು.

ನವೋದಯ ಕವಿಗಳ ಮೂಲಕ ಕನ್ನಡ ಓದುಗರಿಗೆ ಆಪ್ತನಾದ ವಿಲಿಯಂ ವರ್ಡ್ಸ್‌ವರ್ತ್ ಈ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ರೈಲಿನ ವಿರೋಧಿಯಾಗಿ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಬೆಟ್ಟಗಳೂ ಸರೋವರಗಳೂ ಹೆಣೆದುಕೊಂಡಿರುವ ಲೇಕ್ ಡಿಸ್ಟ್ರಿಕ್ಟ್ ಎಂಬ ಪ್ರದೇಶಕ್ಕೆ ಕೆಂಡಲ್ ಪಟ್ಟಣದಿಂದ ಹಳಿ ಹಾಕುವ ಯೋಜನೆ 1844ರಲ್ಲಿ ಪ್ರಕಟವಾದಾಗ, ಎಪ್ಪತ್ತನಾಲ್ಕು ವರ್ಷದ ಆಸ್ಥಾನಕವಿ ಅದರ ವಿರುದ್ಧ ಒಂದು ಸುನೀತವನ್ನು ಬರೆದುದಲ್ಲದೆ ಲಂಡನ್ನಿನ ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆಗೆ ಪತ್ರಗಳನ್ನೂ ಕಳುಹಿಸಿದನು. ನಿಸರ್ಗ ಸೌಂದರ್ಯವನ್ನು ಸವಿಯುವ ಅಭಿರುಚಿ ನಿಧಾನವಾಗಿ ಬೆಳೆಯಬೇಕಾದುದೆಂದೂ, ಕೈಗಾರಿಕಾ ನಗರಗಳ ಜನರನ್ನು ಗುಂಪುಗುಂಪಾಗಿ ತಂದಿಳಿಸಿದರೆ ಅವರಿಗೂ ಲಾಭವಿಲ್ಲ, ನಾಡಿಗೂ ಕ್ಷೇಮವಿಲ್ಲವೆಂದೂ ಅವನ ವಾದ. ಅದೇ ಪ್ರದೇಶಕ್ಕೆ ತಾನೇ ಬರೆದ ಮಾರ್ಗದರ್ಶಿ ಪುಸ್ತಕದಲ್ಲಿ ಆ ನೆಲವನ್ನು ಒಂದು ಬಗೆಯ ರಾಷ್ಟ್ರೀಯ ಸ್ವತ್ತೆಂದು ಭಾವಿಸಬೇಕೆಂದು ಹೇಳಿದ್ದವನೂ ಅವನೇ ಆಗಿದ್ದುದರಿಂದ, ಆ ಸ್ವತ್ತಿನಲ್ಲಿ ಗಿರಣಿ ಕೆಲಸಗಾರನಿಗೆ ಪಾಲೆಷ್ಟು ಎಂಬ ಪ್ರಶ್ನೆಗೆ ಅವನ ಬರಹಗಳಲ್ಲಿ ನೇರವಾದ ಉತ್ತರ ಸಿಗುವುದಿಲ್ಲ. ಹಳಿ 1847ರಲ್ಲಿ ಬಂದೇಬಂದಿತು. ಆದರೆ ಸರೋವರದ ದಡವನ್ನು ತಲುಪದೆ ಸುಮಾರು ಒಂದು ಮೈಲಿ ದೂರದ ಬರ್ತ್‌ವೇಟ್ ಎಂಬ ಹಳ್ಳಿಯ ಬಳಿ ನಿಂತಿತು. ನಿಲ್ದಾಣಕ್ಕೆ ಇಟ್ಟ ವಿಂಡರ್‌ಮಿಯರ್ ಎಂಬ ಸರೋವರದ ಹೆಸರೇ ಮುಂದೆ ಅಲ್ಲಿ ಬೆಳೆದ ಊರಿಗೂ ನಿಂತಿತು.

ಟಿಕೆಟ್ಟಿನ ದರ ಇಳಿಸಿದ ಕಾನೂನು ಬಂದುದೂ ಅದೇ 1844ರಲ್ಲಿ. ಪ್ರತಿಯೊಂದು ರೈಲು ಕಂಪನಿಯೂ ತನ್ನ ಮಾರ್ಗದಲ್ಲಿ ದಿನಕ್ಕೆ ಒಂದಾದರೂ ಗಾಡಿಯನ್ನು ಎಲ್ಲ ನಿಲ್ದಾಣಗಳಲ್ಲಿ ನಿಲ್ಲಿಸುತ್ತ, ಗಂಟೆಗೆ ಕನಿಷ್ಠ 12 ಮೈಲಿ ವೇಗದಲ್ಲಿ, ಮೈಲಿಗೆ ಒಂದು ಪೆನ್ನಿ ಮೀರದ ದರದಲ್ಲಿ ಓಡಿಸಬೇಕೆಂದು ಸಂಸತ್ತು ವಿಧಿಸಿತು. ಜನರ ಬಾಯಲ್ಲಿ ಇವು ‘ಪಾರ್ಲಿಮೆಂಟರಿ ಗಾಡಿ’ಗಳಾದವು. ರಜೆಯ ಕತೆ ಇನ್ನೂ ನಿಧಾನ. 1850ರ ಕಾರ್ಖಾನೆ ಕಾಯಿದೆಯು ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಿಸಿತು. ಅವರಿಲ್ಲದೆ ಯಂತ್ರ ನಡೆಯದಿದ್ದುದರಿಂದ ಗಂಡಸರಿಗೂ ಆ ಅರ್ಧ ದಿನ ದೊರೆಯಿತು. 1871ರಲ್ಲಿ ಸರ್ ಜಾನ್ ಲಬಕ್ ಮಂಡಿಸಿದ ಬ್ಯಾಂಕ್ ರಜೆಗಳ ಕಾಯಿದೆಯು ಈಸ್ಟರ್ ಸೋಮವಾರ, ಅದಾದ ಏಳು ವಾರಗಳಿಗೆ ಬರುವ ವಿಟ್ ಸೋಮವಾರ, ಆಗಸ್ಟಿನ ಮೊದಲ ಸೋಮವಾರ ಮತ್ತು ಕ್ರಿಸ್‌ಮಸ್ ಮರುದಿನವನ್ನು ಬ್ಯಾಂಕುಗಳ ರಜಾದಿನಗಳೆಂದು ಸಾರಿತು. ಬ್ಯಾಂಕು ಮುಚ್ಚಿದ ದಿನ ಉಳಿದ ವ್ಯವಹಾರವೂ ಕ್ರಮೇಣ ನಿಲ್ಲತೊಡಗಿದಾಗ, ಭಾನುವಾರಕ್ಕೆ ಸೋಮವಾರ ಸೇರಿಕೊಂಡ, ಈಸ್ಟರಿನಲ್ಲಂತೂ ಗುಡ್ ಫ್ರೈಡೆಯಿಂದಲೇ ಆರಂಭವಾಗುವ ದೀರ್ಘ ವಾರಾಂತ್ಯವು ದುಡಿಯುವವರ ಕೈಗೂ ಬಂದಿತು.

ಈ ಅವಕಾಶವನ್ನು ಶಿಸ್ತಾಗಿ ಮೊದಲು ಬಳಸಿಕೊಂಡವರಲ್ಲಿ ಕೆಲಸಗಾರರಿಗಿಂತ ವಿದ್ವಾಂಸರೇ ಎದ್ದು ಕಾಣುತ್ತಾರೆ. ಆಲ್ಪ್ಸ್ ಪರ್ವತಾರೋಹಿಯೂ ವಿಮರ್ಶಕನೂ, ಲೇಖಕಿ ವರ್ಜೀನಿಯಾ ವುಲ್ಫ್‌ಳ ತಂದೆಯೂ ಆದ ಲೆಸ್ಲಿ ಸ್ಟೀಫನ್ 1879ರಲ್ಲಿ ‘ಸಂಡೇ ಟ್ರ್ಯಾಂಪ್ಸ್’, ಅಂದರೆ ಭಾನುವಾರದ ಅಲೆಮಾರಿಗಳು, ಎಂಬ ತಂಡವನ್ನು ಕಟ್ಟಿದನು. ವಕೀಲರು, ಪ್ರಾಧ್ಯಾಪಕರು ಮತ್ತು ಬರಹಗಾರರಿದ್ದ ಈ ತಂಡ ಲಂಡನ್ನಿನಿಂದ ಬೆಳಗಿನ ರೈಲು ಹಿಡಿದು ಒಂದು ಹಳ್ಳಿಯ ನಿಲ್ದಾಣದಲ್ಲಿಳಿದು, ದಿನವಿಡೀ ನಡೆದು ಇನ್ನೊಂದು ನಿಲ್ದಾಣದಿಂದ ಹಿಂದಿರುಗುತ್ತಿತ್ತು. ಖಾಸಗಿ ಜಮೀನನ್ನು ಹಾಯುವಾಗ ಕಾವಲುಗಾರ ಅಡ್ಡಗಟ್ಟಿದರೆ ಒಪ್ಪಿಸಲೆಂದು ತಂಡದ ಕಾನೂನು ಪಂಡಿತರು ಒಂದು ವಾಕ್ಯವನ್ನು ಸಿದ್ಧಪಡಿಸಿದ್ದರು: ಈ ನೆಲದಲ್ಲಿ ದಾರಿಯ ಹಕ್ಕನ್ನು ತಾವು ಕೇಳುತ್ತಿಲ್ಲವೆಂದೂ, ಆದ ಹಾನಿಗೆ ಪರಿಹಾರವಾಗಿ ಒಂದು ಶಿಲ್ಲಿಂಗ್ ನೀಡುತ್ತಿರುವುದಾಗಿಯೂ ಅದರ ಸಾರ. ಅತಿಕ್ರಮ ಪ್ರವೇಶವು ಇಂಗ್ಲೆಂಡಿನಲ್ಲಿ ಅಪರಾಧವಾಗಿರದೆ ಕೇವಲ ಸಿವಿಲ್ ತಕರಾರಾಗಿದ್ದುದರಿಂದ ಈ ಜಾಣತನ ನಡೆಯಿತು. ಲ್ಯಾಟಿನ್ ಬಲ್ಲ ಮಹನೀಯರಿಗೆ ಸಂದ ಈ ಸೌಜನ್ಯ ಎಲ್ಲರಿಗೂ ಸಲ್ಲಲಿಲ್ಲವೆಂಬುದು ಮುಂದೆ ತಿಳಿಯಿತು.

ಉತ್ತರದ ಕೈಗಾರಿಕಾ ನಗರಗಳ ಮಟ್ಟಿಗೆ ನಿರ್ಣಾಯಕವಾದುದು 1894. ಆ ವರ್ಷ ಷೆಫೀಲ್ಡ್ ಮತ್ತು ಮ್ಯಾಂಚೆಸ್ಟರ್‌ಗಳ ನಡುವಿನ ಪೀಕ್ ಬೆಟ್ಟಗಳನ್ನು ಹಾದು ಹೊಸ ಹಳಿ ತೆರೆಯಿತು; ಟಾಟ್ಲಿ ಎಂಬಲ್ಲಿ ಅದಕ್ಕಾಗಿ ಮೂರೂವರೆ ಮೈಲಿ ಉದ್ದದ ಸುರಂಗವನ್ನೇ ಕೊರೆಯಬೇಕಾಯಿತು. ಈಡೇಲ್, ಹೋಪ್ ಮೊದಲಾದ ಕಣಿವೆಯ ಹಳ್ಳಿಗಳಿಗೆ ನಿಲ್ದಾಣಗಳು ಬಂದ ಆರು ವರ್ಷಗಳ ಬಳಿಕ, ಷೆಫೀಲ್ಡಿನ ಜಿ. ಎಚ್. ಬಿ. ವಾರ್ಡ್ ಎಂಬ ಎಂಜಿನಿಯರಿಂಗ್ ಕೆಲಸಗಾರ ‘ಕ್ಲ್ಯಾರಿಯನ್’ ಎಂಬ ಸಮಾಜವಾದಿ ಪತ್ರಿಕೆಯಲ್ಲಿ ಜೊತೆಗಾರರನ್ನು ಕರೆದು ಪ್ರಕಟಣೆ ಕೊಟ್ಟನು. 1900ರ ಸೆಪ್ಟೆಂಬರ್ 2ರ ಭಾನುವಾರ ಹನ್ನೊಂದು ಗಂಡಸರು ಮತ್ತು ಮೂವರು ಹೆಂಗಸರು ಈಡೇಲ್‌ನಲ್ಲಿ ಇಳಿದರು. ಸುಮಾರು ಇಪ್ಪತ್ತು ಮೈಲಿಗಳ ಆ ದಿನದ ದಾರಿಯನ್ನು ನಕ್ಷೆಯ ಮೇಲೆ ಹಿಡಿದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಪ್ರಸ್ಥಭೂಮಿಯನ್ನು ಬಲಕ್ಕಿಟ್ಟುಕೊಂಡು ಪಶ್ಚಿಮದ ಹೇಫೀಲ್ಡ್ ಕಡೆಗೆ ಇಳಿದು, ಅಲ್ಲಿಂದ ವಿಲಿಯಂ ಕ್ಲಫ್ ಎಂಬ ಕಂದರವನ್ನೇರಿ, ಸ್ನೇಕ್ ಇನ್ ಎಂಬ ತಂಗುಮನೆಯ ಮೂಲಕ ಹಾದು ಅವರು ತಲುಪಿದುದು ಹೋಪ್ ಗ್ರಾಮವನ್ನು. ಇಳಿದ ನಿಲ್ದಾಣಕ್ಕೆ ಮರಳುವ ಕಟ್ಟುಪಾಡು ಅವರಿಗಿರಲಿಲ್ಲ. ಕಂದರದ ಆ ಹಾದಿಯಾದರೂ ಕಾಲುದಾರಿ ಸಂರಕ್ಷಣಾ ಸಂಘವೊಂದು ಭೂಮಾಲೀಕರೊಡನೆ ಮಾತುಕತೆ ನಡೆಸಿದ ಫಲವಾಗಿ 1897ರಲ್ಲಷ್ಟೇ ತೆರೆದಿತ್ತು. ಕಿಂಡರ್‌ನ ನೆತ್ತಿ ಮಾತ್ರ ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿಯ ಬೇಟೆಗೆಂದು ಮೀಸಲಾಗಿ ಮುಚ್ಚಿಯೇ ಇತ್ತು.

ಇಂಥ ನಡಿಗೆಯನ್ನು ಯೋಜಿಸುವವನ ಮೇಜಿನ ಮೇಲೆ ಎರಡು ವಸ್ತುಗಳು ಇರಲೇಬೇಕಿತ್ತು. ಒಂದು, ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡನೆನ್ಸ್ ಸರ್ವೆಯ ಮೈಲಿಗೆ ಒಂದು ಅಂಗುಲದ ನಕ್ಷೆ. ಇನ್ನೊಂದು, 1839ರಿಂದ 1961ರವರೆಗೆ ಪ್ರಕಟವಾಗುತ್ತಿದ್ದ ‘ಬ್ರಾಡ್‌ಷಾ’ ಎಂಬ ರೈಲು ವೇಳಾಪಟ್ಟಿ. ಬ್ರಾಡ್‌ಷಾದ ಪುಟಗಳೆಂದರೆ ಇರುವೆ ಸಾಲಿನಂಥ ಅಂಕಿಗಳು. ‘ಶನಿವಾರ ಮಾತ್ರ’, ‘ಶನಿವಾರ ಹೊರತು’ ಎಂಬ ಷರತ್ತುಗಳನ್ನು ಒಂದೊಂದು ಅಕ್ಷರದಲ್ಲೋ ಚಿಹ್ನೆಯಲ್ಲೋ ಅಡಕಗೊಳಿಸಿದ ಅಡಿಟಿಪ್ಪಣಿಗಳು. ಭಾನುವಾರದ ಗಾಡಿಗಳು ಬಹುಪಾಲು ಮಾರ್ಗಗಳಲ್ಲಿ ಬೆರಳೆಣಿಕೆಯಷ್ಟಿದ್ದುದರಿಂದ, ಚತುರನಾದ ಯೋಜಕ ಸಂಜೆಯ ಕೊನೆಯ ಗಾಡಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಿದ್ದನು: ಅದು ಎಷ್ಟು ಹೊತ್ತಿಗೆ, ಅದಕ್ಕೆ ಮುನ್ನ ಚಹಾಕ್ಕೆ ಬಿಡುವು ಎಷ್ಟು, ಜೌಗು ನೆಲದಲ್ಲಿ ಗಂಟೆಗೆ ಎರಡು ಮೈಲಿಯಂತೆ ನಡೆದರೆ ಬೆಟ್ಟದ ನೆತ್ತಿಯನ್ನು ಯಾವಾಗ ಬಿಡಬೇಕು. ಚಾರಣಿಗರನ್ನು ಕಟ್ಟುಪಾಡುಗಳಿಲ್ಲದ ಸ್ವಚ್ಛಂದ ಜೀವಿಗಳಂತೆ ಬಣ್ಣಿಸುವ ಬರಹಗಳು ಈ ಲೆಕ್ಕಾಚಾರವನ್ನು ಮರೆಮಾಚುತ್ತವೆ.

ಒಂದು ದಿನದ ನಡಿಗೆಗಳನ್ನು ಪೋಣಿಸಿ ವಾರಾಂತ್ಯದ ಪಯಣವನ್ನಾಗಿ ಮಾಡಲು ರಾತ್ರಿಯ ನೆಲೆ ಬೇಕಿತ್ತು. ರಿಚರ್ಡ್ ಷಿರ್ಮನ್ ಎಂಬ ಜರ್ಮನ್ ಶಾಲಾಶಿಕ್ಷಕ 1912ರಲ್ಲಿ ಆಲ್ಟೇನಾದ ಕೋಟೆಯಲ್ಲಿ ತೆರೆದ ಯುವ ವಸತಿಗೃಹದ ಮಾದರಿಯನ್ನು ಅನುಸರಿಸಿ 1930ರಲ್ಲಿ ಬ್ರಿಟನ್ನಿನಲ್ಲಿ ಯೂತ್ ಹಾಸ್ಟೆಲ್ ಸಂಘ ಹುಟ್ಟಿಕೊಂಡಿತು, ಇತಿಹಾಸಕಾರ ಜಿ. ಎಂ. ಟ್ರೆವೆಲ್ಯನ್ ಅದರ ಮೊದಲ ಅಧ್ಯಕ್ಷ. ರಾತ್ರಿಗೆ ಒಂದು ಶಿಲ್ಲಿಂಗ್ ಬಾಡಿಗೆ. ತಂಗುವವನು ಹೊದಿಕೆಯೊಳಗೆ ತೂರಿಕೊಳ್ಳುವ ಬಟ್ಟೆಯ ಚೀಲವನ್ನು ತಾನೇ ತರಬೇಕಿತ್ತು, ಬೆಳಿಗ್ಗೆ ಕಂಬಳಿ ಮಡಚಿ, ನೆಲ ಗುಡಿಸುವುದೋ ಪಾತ್ರೆ ತೊಳೆಯುವುದೋ ತನಗೊಪ್ಪಿಸಿದ ಕೆಲಸವನ್ನು ಮುಗಿಸಿಯೇ ಹೊರಡಬೇಕಿತ್ತು. ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬಂದವರಿಗಷ್ಟೇ ಪ್ರವೇಶವೆಂಬ ನಿಯಮವಿದ್ದು, ಕಾರಿನಲ್ಲಿ ಬಂದವರಿಗೆ ಬಾಗಿಲು ತೆರೆದುದು 1970ರ ದಶಕದಲ್ಲಿ.

1930ರ ದಶಕದ ಮೊದಲ ವರ್ಷಗಳಲ್ಲಿ ಈ ಹವ್ಯಾಸ ಹುಚ್ಚಿನ ಮಟ್ಟವನ್ನು ಮುಟ್ಟಿತು. 1932ರ ಗುಡ್ ಫ್ರೈಡೆಯಂದು ಗ್ರೇಟ್ ವೆಸ್ಟರ್ನ್ ರೈಲ್ವೆ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಎಲ್ಲಿಗೆ ಹೋಗುವುದೆಂದೇ ತಿಳಿಸದ ಚಾರಣಿಗರ ವಿಶೇಷ ರೈಲನ್ನು ಓಡಿಸಿತು. ಅದೇ ವರ್ಷದ ಬೇಸಿಗೆಯಲ್ಲಿ ಸದರ್ನ್ ರೈಲ್ವೆಯು ಲೇಖಕ ಎಸ್. ಪಿ. ಬಿ. ಮೇಸ್‌ನ ಮುಂದಾಳತ್ವದಲ್ಲಿ ಸಸೆಕ್ಸಿನ ಚಾಂಕ್ಟನ್‌ಬರಿ ಬೆಟ್ಟದಿಂದ ಸೂರ್ಯೋದಯ ನೋಡುವ ಬೆಳದಿಂಗಳ ನಡಿಗೆಯನ್ನು ಏರ್ಪಡಿಸಿದಾಗ ಸಾವಿರಕ್ಕೂ ಹೆಚ್ಚು ಜನ ಸೇರಿ ಹಲವು ವಿಶೇಷ ಗಾಡಿಗಳನ್ನು ಬಿಡಬೇಕಾಯಿತು. ಈ ಸಂಭ್ರಮದ ನಡುವೆಯೇ ಏಪ್ರಿಲ್ 24ರಂದು ಸುಮಾರು 400 ಯುವಜನರು ಹೇಫೀಲ್ಡಿನಿಂದ ಕಿಂಡರ್‌ನ ನಿಷೇಧಿತ ನೆಲಕ್ಕೆ ಸಾಮೂಹಿಕವಾಗಿ ಏರಿದರು. ಮುಂದಾಳುಗಳಲ್ಲೊಬ್ಬನಾದ ಬೆನ್ನಿ ರಾಥ್‌ಮನ್, ಮ್ಯಾಂಚೆಸ್ಟರಿನ ನಿಲ್ದಾಣದಲ್ಲಿ ಪೊಲೀಸರು ತನಗಾಗಿ ಕಾಯುತ್ತಿರುವರೆಂಬ ಕಾರಣಕ್ಕೆ, ಅಂದು ರೈಲು ಬಿಟ್ಟು ಸೈಕಲ್ ತುಳಿದನು. ಕಾವಲುಗಾರರೊಡನೆ ತಳ್ಳಾಟ ನಡೆದು, ಗಲಭೆ ಮತ್ತು ಹಲ್ಲೆಯ ಆರೋಪಗಳ ಮೇಲೆ ಐವರಿಗೆ ಎರಡರಿಂದ ಆರು ತಿಂಗಳ ಸೆರೆಮನೆ ಶಿಕ್ಷೆಯಾಯಿತು. ಅವರ ಬಳಿ ಶಿಲ್ಲಿಂಗಿನ ಸೂತ್ರವಾಕ್ಯವಿರಲಿಲ್ಲ.

ಕಾರಿಲ್ಲದ ಚಾರಣದ ಅತ್ಯುತ್ತಮ ದಾಖಲೆ ಒದಗಿದುದು ಆ ಬಗೆಯ ಚಾರಣ ಇಳಿಮುಖವಾಗುವ ಹೊತ್ತಿನಲ್ಲಿ ಎಂಬುದು ವಿಚಿತ್ರ. ಕೆಂಡಲ್ ಪುರಸಭೆಯ ಖಜಾಂಚಿಯಾಗಿದ್ದ ಆಲ್ಫ್ರೆಡ್ ವೇನ್‌ರೈಟ್ 1952ರಲ್ಲಿ ಆರಂಭಿಸಿ, 1955ರಿಂದ 1966ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟಿಸಿದ ಲೇಕ್ ಡಿಸ್ಟ್ರಿಕ್ಟಿನ 214 ಬೆಟ್ಟಗಳ ಸಚಿತ್ರ ಮಾರ್ಗದರ್ಶಿಯನ್ನು ಅಚ್ಚಿನ ಮೊಳೆಗಳ ನೆರವಿಲ್ಲದೆ, ಪ್ರತಿ ಪುಟದ ಅಕ್ಷರವನ್ನೂ ಚಿತ್ರವನ್ನೂ ಕೈಯಿಂದಲೇ ಬರೆದು ಸಿದ್ಧಪಡಿಸಿದನು. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ವಾರಾಂತ್ಯದ ಬೆಳಿಗ್ಗೆ ಬಸ್ ಹಿಡಿದು ಬೆಟ್ಟದ ಬುಡ ತಲುಪುವುದು, ಸಂಜೆಯ ಬಸ್ಸಿಗೆ ಕೆಳಗಿಳಿಯುವುದು, ವಾರದ ದಿನಗಳ ರಾತ್ರಿ ಕುಳಿತು ಬರೆಯುವುದು ಅವನ ಕ್ರಮವಾಗಿತ್ತು. ಒಂದೇ ಬೆಟ್ಟಕ್ಕೆ ನಾಲ್ಕಾರು ಏರುದಾರಿಗಳನ್ನು ಬೇರೆಬೇರೆ ಹಳ್ಳಿಗಳಿಂದ ಗುರುತಿಸಿ, ನೆತ್ತಿಯಿಂದ ನೆರೆಯ ಬೆಟ್ಟಕ್ಕೆ ಹೋಗುವ ಏಣುದಾರಿಯನ್ನೂ ತಪ್ಪದೆ ಕಾಣಿಸುವ ಅವನ ವಿಧಾನದಲ್ಲಿ, ಏರಿದ ಕಡೆ ಇಳಿಯಬೇಕಾಗಿಲ್ಲದ ಪ್ರಯಾಣಿಕನ ದೃಷ್ಟಿಯೇ ಕೆಲಸ ಮಾಡಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆ ಪುಸ್ತಕಗಳನ್ನು ಕೊಂಡವರಲ್ಲಿ ಅನೇಕರು ಅಷ್ಟರಲ್ಲಿ ಕಾರು ಕೊಂಡಿದ್ದರು. ನಿಲ್ಲಿಸಿದ ಕಾರಿನ ಬಳಿಗೆ ಮರಳಬೇಕಾದುದರಿಂದ ಒಂದೂರಿನಿಂದ ಇನ್ನೊಂದೂರಿಗೆ ಸಾಗುತ್ತಿದ್ದ ನಡಿಗೆ ವರ್ತುಲವಾಗಿ ಬಾಗಿತು, ಮಾರ್ಗದರ್ಶಿ ಪುಸ್ತಕಗಳೂ ವರ್ತುಲಗಳನ್ನೇ ಸೂಚಿಸತೊಡಗಿದವು. 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಸೂಚಿಸಿದ 1963ರ ಬೀಚಿಂಗ್ ವರದಿಯು ಪ್ರಯಾಣಿಕರ ಸಂಖ್ಯೆಯನ್ನು ಲೆಕ್ಕ ಹಾಕಿತಾದರೂ, ಒಂದು ನಿಲ್ದಾಣದಲ್ಲಿ ಇಳಿದು ಮತ್ತೊಂದರಲ್ಲಿ ಹತ್ತುವವನಿಗೆ ಎರಡೂ ಬೇಕೆಂಬುದು ಅದರ ಲೆಕ್ಕದೊಳಗೆ ಬರುವಂತಿರಲಿಲ್ಲ. ಹೇಫೀಲ್ಡ್ ಶಾಖೆ 1970ರಲ್ಲಿ, ಲೇಕ್ ಡಿಸ್ಟ್ರಿಕ್ಟಿನ ಕೆಸ್ವಿಕ್ ಮಾರ್ಗ 1972ರಲ್ಲಿ ಮುಚ್ಚಿದವು. ಈಡೇಲ್ ಮಾರ್ಗವೂ ಪಟ್ಟಿಯಲ್ಲಿತ್ತು, ಅದು ಉಳಿದುಕೊಂಡಿತು. 1965ರಲ್ಲಿ ಉದ್ಘಾಟನೆಯಾದ, ಸ್ಕಾಟ್ಲೆಂಡಿನ ಗಡಿ ದಾಟಿ ಸಾಗುವ ಪೆನೈನ್ ವೇ ಎಂಬ ದೀರ್ಘ ಕಾಲುದಾರಿ ಆ ನಿಲ್ದಾಣದ ಸಮೀಪದಿಂದಲೇ ಹೊರಡುತ್ತದೆ.

ತಿರುವು ಬಂದುದು ಯಾರ್ಕ್‌ಷೈರ್ ಕಣಿವೆಗಳಲ್ಲಿ. 1876ರಲ್ಲಿ ಪ್ರಯಾಣಿಕರಿಗೆ ತೆರೆದ ಸೆಟಲ್–ಕಾರ್ಲೈಲ್ ಮಾರ್ಗದ ಸಣ್ಣ ನಿಲ್ದಾಣಗಳನ್ನು 1970ರಲ್ಲಿ ಮುಚ್ಚಲಾಗಿತ್ತು. ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಆಡಳಿತವು 1975ರಲ್ಲಿ ರೈಲನ್ನೇ ಬಾಡಿಗೆಗೆ ಪಡೆದು, ಆಯ್ದ ವಾರಾಂತ್ಯಗಳಲ್ಲಿ ಆ ಪಾಳು ನಿಲ್ದಾಣಗಳಲ್ಲಿ ಚಾರಣಿಗರನ್ನು ಇಳಿಸತೊಡಗಿತು. ‘ಡೇಲ್ಸ್‌ರೈಲ್’ ಎಂದು ಹೆಸರಾದ ಈ ಏರ್ಪಾಡು ಎಷ್ಟು ಜನಪ್ರಿಯವಾಯಿತೆಂದರೆ, ಇಡೀ ಮಾರ್ಗವನ್ನು ಮುಚ್ಚುವ ಪ್ರಸ್ತಾಪ 1980ರ ದಶಕದಲ್ಲಿ ಬಂದಾಗ ಸಾವಿರಾರು ಆಕ್ಷೇಪಣೆಗಳು ಸಲ್ಲಿಕೆಯಾದವು. ಟಿಕೆಟ್ ಪಡೆದು ಪಯಣಿಸುತ್ತಿದ್ದ ಒಂದು ನಾಯಿಯ ಪಂಜದ ಗುರುತೂ ಅವುಗಳಲ್ಲಿತ್ತು. ಎಂಟು ನಿಲ್ದಾಣಗಳು 1986ರಲ್ಲಿ ಮತ್ತೆ ತೆರೆದವು, ಮಾರ್ಗವನ್ನು ಉಳಿಸುವ ನಿರ್ಧಾರ 1989ರ ಏಪ್ರಿಲ್‌ನಲ್ಲಿ ಹೊರಬಿದ್ದಿತು. ಅಲ್ಲಿ ಈಗಲೂ ಮಾರ್ಗದ ಹಿತೈಷಿಗಳ ಸಂಘವು ಚಾರಣಗಳನ್ನು ನಡೆಸುತ್ತದೆ, ಅವುಗಳ ಹೊತ್ತನ್ನು ರೈಲುಗಳ ವೇಳೆಗೆ ಹೊಂದಿಸಲಾಗುತ್ತದೆ.