ಲಂಟಾನ
ಅಮೆರಿಕದ ಉಷ್ಣವಲಯದ ಈ ಪೊದೆಸಸ್ಯವು 19ನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂದು, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮೊದಲಾದ ಕಾಡುಗಳಲ್ಲಿ ಹುಲ್ಲಿಗೂ ಎಳೆಯ ಮರಗಳಿಗೂ ನೆಲವಿಲ್ಲದಂತೆ ಮಾಡಿದೆ. ನಾಲ್ಕು ಏಣುಗಳ ಕಾಂಡ, ಅದರ ಮೇಲೆ ಕೆಳಕ್ಕೆ ಬಾಗಿದ ಮುಳ್ಳು, ಎದುರುಬದುರಾಗಿ ಹುಟ್ಟುವ ಒರಟು ಎಲೆ, ಅದನ್ನು ಹೊಸಕಿದಾಗ ಬರುವ ಕಟುವಾಸನೆ ಇದರ ಗುರುತುಗಳು. ಹಲವು ತಳಿಗಳಲ್ಲಿ ಒಂದೇ ಗೊಂಚಲಿನ ನಡುವೆ ಹೊಸದಾಗಿ ಅರಳಿದ ಹಳದಿ ಹೂಗಳೂ ಅಂಚಿನಲ್ಲಿ ಬಣ್ಣ ತಿರುಗಿದ ಕೆಂಪು ಹೂಗಳೂ ಕಾಣುತ್ತವೆ. ಮಾಗಿದ ಕಪ್ಪು ಹಣ್ಣನ್ನು ತಿಂದ ಪಿಕಳಾರಗಳು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಬರಿಯ ಕೊಂಬೆ ಸವರಿದರೆ ಅಥವಾ ಬೆಂಕಿಯಿಟ್ಟರೆ ಬುಡ ಮತ್ತೆ ಚಿಗುರುವುದರಿಂದ ಆ ಶ್ರಮವೆಲ್ಲ ವ್ಯರ್ಥ. ತಾಯಿಬೇರನ್ನು ನೆಲಮಟ್ಟದಿಂದ 3–5 ಸೆಂ.ಮೀ. ಕೆಳಗೆ ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ಮಗುಚಿಡುವುದೇ ಹೆಚ್ಚು ಫಲಕಾರಿ. ಮಣ್ಣಿನಲ್ಲುಳಿದ ಬೀಜದಿಂದ ಮುಂದಿನ ಮಳೆಗಾಲಗಳಲ್ಲಿ ಏಳುವ ಸಸಿಗಳನ್ನೂ ಕೀಳಬೇಕಾಗುತ್ತದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದರ ಕಾಂಡದಿಂದ ಪೀಠೋಪಕರಣಗಳನ್ನು ಹೆಣೆಯುತ್ತಾರೆ.