ಕೆಡವುವ ಮುನ್ನ ಕಂಡ ಪ್ಯಾರಿಸ್

ಪ್ಯಾರಿಸ್ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಅಗಲವಾದ, ನೇರವಾದ, ಸಾಲುಮರದ ಬೀದಿಗಳು ಬಹು ಪ್ರಾಚೀನವೇನಲ್ಲ. ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ, 1853ರಿಂದ 1870ರವರೆಗೆ ಆಡಳಿತಾಧಿಕಾರಿಯಾಗಿದ್ದ ಓಸ್ಮಾನನು ಹಳೆಯ ಇಕ್ಕಟ್ಟಾದ ಓಣಿಗಳನ್ನು ಕೆಡವಿಸಿ ಇಂಥ ಅನೇಕ ಬೀದಿಗಳನ್ನು ತೆರೆಸಿದನು. ಒಳಚರಂಡಿ, ಶುದ್ಧ ನೀರು, ಗಾಳಿ ಬೆಳಕುಗಳು ಬಂದುವೆಂಬುದನ್ನು ಅಲ್ಲಗಳೆಯಲಾಗದು. ಓಣಿಯ ಬಡ ಬಾಡಿಗೆದಾರರು ಮಾತ್ರ ಊರ ಅಂಚಿಗೆ ಸರಿಯಬೇಕಾಯಿತು. ಮರೆಯಾದ ಆ ನಗರವನ್ನು ಉಳಿಸಿಕೊಟ್ಟವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಬೇಕು: ತಾಮ್ರದ ತಗಡಿನ ಮೇಲೆ ಕೊರೆದ ಶಾರ್ಲ್ ಮೆರಿಯೋನ್, ಗಾಜಿನ ಫಲಕದ ಮೇಲೆ ಬೆಳಕನ್ನು ಹಿಡಿದ ಶಾರ್ಲ್ ಮಾರ್ವಿಲ್.

ಮೆರಿಯೋನ್ (1821–1868) ಮೊದಲು ನೌಕಾಪಡೆಯಲ್ಲಿದ್ದವನು, ನ್ಯೂಜಿಲೆಂಡಿನವರೆಗೆ ಹೋಗಿಬಂದವನು. ವರ್ಣಚಿತ್ರಕಾರನಾಗುವ ಹಂಬಲವಿತ್ತು, ಆದರೆ ಅವನದು ಬಣ್ಣಗುರುಡು. ಹೀಗಾಗಿ ಕಪ್ಪು ಬಿಳುಪಿನ ಎಚಿಂಗ್ ಕಲೆಗೆ ತಿರುಗಿದನು. ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ ಗೀಚಿದ ಗೆರೆ ಮಾತ್ರ ಕೊರೆದು ನಿಲ್ಲುತ್ತದೆ. ಅದಕ್ಕೆ ಮಸಿ ತುಂಬಿ ಕಾಗದಕ್ಕೆ ಒತ್ತುತ್ತಾರೆ. ಅವನ ಪ್ಯಾರಿಸ್ ಚಿತ್ರಮಾಲೆ 1850ರಿಂದ 1854ರವರೆಗಿನದು, ಎಂದರೆ ಓಸ್ಮಾನನು ಬರುವ ಮುಂಚೆಯೇ ಆರಂಭವಾದದ್ದು. 1850ರ 'ಪುಟ್ಟ ಸೇತುವೆ'ಯಲ್ಲಿ ಸೇತುವೆಯನ್ನು ನದಿಯ ಮಟ್ಟದಿಂದ ನೋಡಿ, ಹಿಂದಿನ ನೋತ್ರ್ ದಾಮ್ ಗೋಪುರಗಳನ್ನು ಮೇಲಿನ ಬೀದಿಯಿಂದ ಕಂಡಂತೆ ಎತ್ತರಿಸಿ ಸೇರಿಸಿದ್ದಾನೆ. ಒಂದೇ ಕಡೆ ನಿಂತವನಿಗೆ ಹಾಗೆ ಕಾಣದು. ಇದನ್ನು ಸುಳ್ಳೆನ್ನೋಣವೇ? ದಡದಿಂದ ಮೇಲೇರಿ ಬಂದವನ ನೆನಪಿನಲ್ಲಿ ಉಳಿಯುವ ನೋಟ ಇದೇ ಎಂದು ನನಗೆ ತೋರುತ್ತದೆ. ಪೋಂಟ್ ಓ ಶಾಂಜ್ ಎಂಬ ಸೇತುವೆಯ ಚಿತ್ರದ ಆಕಾಶದಲ್ಲಿ ಮೊದಲು ಬಲೂನೊಂದಿತ್ತು; ಮುಂದೊಮ್ಮೆ ಅದನ್ನು ಅಳಿಸಿ, ಕರಾಳ ಹಕ್ಕಿಗಳ ಹಿಂಡನ್ನು ಕೊರೆದನು. ಕವಿ ಬೋದಿಲೇರ್ 1859ರಲ್ಲಿ ಈ ಚಿತ್ರಗಳನ್ನು ಮನಸಾರೆ ಮೆಚ್ಚಿ ಬರೆದನು. ಆದರೂ ಮತಿಭ್ರಮಣೆಗೊಳಗಾದ ಮೆರಿಯೋನ್ ಶಾರಾಂತೋನಿನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡನು.

ಮಾರ್ವಿಲನ (1813–1879) ಹಾದಿ ಬೇರೆ. ಹುಟ್ಟುಹೆಸರು ಬೊಸ್ಸು, ಫ್ರೆಂಚಿನಲ್ಲಿ 'ಗೂನ' ಎಂದರ್ಥ. ಅದನ್ನು ಬಿಟ್ಟುಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ! ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ಈತ ಛಾಯಾಗ್ರಹಣಕ್ಕೆ ಬಂದು, 1860ರ ದಶಕದಲ್ಲಿ ಪ್ಯಾರಿಸ್ ನಗರದ ಅಧಿಕೃತ ಛಾಯಾಗ್ರಾಹಕನಾದನು. ಕೆಡವಲಿರುವ ಬೀದಿಗಳ ಚಿತ್ರ ತೆಗೆಯುವಂತೆ ನಗರಾಡಳಿತವೇ ಅವನಿಗೆ ಹೇಳಿತು. ಕೆಡವುವವರೇ ದಾಖಲೆಗೂ ಹಣ ಕೊಟ್ಟರೆಂಬುದು ವಿಚಿತ್ರವಾದ ಸಂಗತಿ. ಹೀಗೆ ಸುಮಾರು 425 ಚಿತ್ರಗಳು ಸಿದ್ಧವಾದವು.

ಗಾಜಿಗೆ ಹಚ್ಚಿದ ಕೊಲೋಡಿಯನ್ ದ್ರವ ಆರುವುದರೊಳಗೆ ಚಿತ್ರ ಹಿಡಿದು ಸಂಸ್ಕರಿಸಬೇಕಾಗಿತ್ತು. ಬೆಳಕು ಬೀಳಲು ಹಲವು ಕ್ಷಣಗಳು ಬೇಕಾದುದರಿಂದ ನಡೆದಾಡುವವರು ಫಲಕದಲ್ಲಿ ಮೂಡುತ್ತಲೇ ಇರಲಿಲ್ಲ. ಹೆಚ್ಚೆಂದರೆ ಮಂಜಿನಂಥದೊಂದು ಕಲೆ. ಜನರಿನ್ನೂ ವಾಸವಾಗಿದ್ದ ಓಣಿಗಳು ಈ ಚಿತ್ರಗಳಲ್ಲಿ ಆಗಲೇ ಬರಿದಾದಂತಿವೆ. ಯಂತ್ರ ಕಂಡದ್ದೆಲ್ಲ ಸತ್ಯ, ಕೈ ಬರೆದದ್ದು ಕಲ್ಪನೆ ಎಂಬ ನಮ್ಮ ರೂಢಿಯ ಮಾತು ಇಲ್ಲಿ ಅಷ್ಟು ಸಲೀಸಾಗಿ ಸಲ್ಲುವುದಿಲ್ಲ. ಹಳೆಯ ಬೀದಿಗಳ ಕೊಳಕಿಗೆ ಸಾಕ್ಷ್ಯ ಒದಗಿಸುವುದೇ ಅವನ ಕೆಲಸವಾಗಿತ್ತೆಂದು ವಾದಿಸುವವರಿದ್ದಾರೆ. ಒದ್ದೆಯಾದ ಕಲ್ಲುಹಾಸು, ನಡುಬೀದಿಯ ಚರಂಡಿ ಚಿತ್ರಗಳಲ್ಲಿರುವುದು ನಿಜ. ಆದರೆ ಆ ಕಲ್ಲುಗಳ ಮೇಲೆ ಬಿದ್ದ ಬೆಳಕನ್ನು ಅಷ್ಟು ತಾಳ್ಮೆಯಿಂದ ಹಿಡಿದವನನ್ನು ಬರಿಯ ಸರಕಾರಿ ಸಾಕ್ಷಿಯೆನ್ನಲು ನನಗೆ ಮನಸ್ಸೊಪ್ಪದು.

1878ರ ಪ್ಯಾರಿಸ್ ಮಹಾಪ್ರದರ್ಶನಕ್ಕಾಗಿ ಮಾರ್ವಿಲ್ ಹೊಸ ರಸ್ತೆಗಳ ಚಿತ್ರಗಳನ್ನೂ ತೆಗೆದನು. ಹಳೆಯದರ ಜೊತೆಗಿಟ್ಟು ಹೊಸದರ ಹೆಗ್ಗಳಿಕೆಯನ್ನು ತೋರಿಸಬೇಕೆಂಬುದು ಅಧಿಕಾರಿಗಳ ಉದ್ದೇಶ. ಇವೆರಡನ್ನೂ ಪುಸ್ತಕದಲ್ಲಿ ನೋಡುವಾಗ ನನ್ನ ಕಣ್ಣು ಮಾತ್ರ ಹಳೆಯ ಓಣಿಯ ಅಂಗಡಿ ಹಲಗೆಗಳನ್ನೇ ಓದುತ್ತ ನಿಂತುಬಿಡುತ್ತದೆ.