ವಿಡಿಯೊ ವಿತರಣಾ ಕಾರ್ಡ್

ಒಂದೇ ವಿಡಿಯೊ ಸಂಕೇತದಿಂದ ಹಲವು ಸಮಾನ ಪ್ರತಿಗಳನ್ನು ಮಾಡಿ ಬೇರೆ ಬೇರೆ ಉಪಕರಣಗಳಿಗೆ ಕಳಿಸುವ ಎಲೆಕ್ಟ್ರಾನಿಕ್ ಫಲಕ. ಟಿ.ವಿ. ಕೇಂದ್ರದಲ್ಲಿ ಒಂದು ಕ್ಯಾಮೆರಾದ ಚಿತ್ರ ಸ್ವಿಚರ್, ಮಾನಿಟರ್, ರೆಕಾರ್ಡರ್ ಮೂರಕ್ಕೂ ಏಕಕಾಲಕ್ಕೆ ತಲುಪಬೇಕು. ಕೇಬಲನ್ನು ನೇರವಾಗಿ ಕವಲೊಡೆಸಿದರೆ 75 ಓಮ್‌ನ ಹೊಂದಾಣಿಕೆ ಕೆಟ್ಟು ಸಂಕೇತ ಕ್ಷೀಣಿಸುತ್ತದೆ, ಪ್ರತಿಫಲನ ಉಂಟಾಗುತ್ತದೆ. ಕಾರ್ಡ್ ಈ ದೋಷವನ್ನು ತಪ್ಪಿಸುತ್ತದೆ. 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾದಾಗ ಪ್ರಸಾರದ ಸಂಕೇತ ಅನಲಾಗ್ ಆಗಿತ್ತು; ಇಂದು ಕೇಂದ್ರದೊಳಗೆ ಕೇಬಲಿನಲ್ಲಿ ಹರಿಯುವ ಎಚ್.ಡಿ. ಡಿಜಿಟಲ್ ಸಂಕೇತದ ವೇಗ ಸೆಕೆಂಡಿಗೆ 1.485 ಗಿಗಾಬಿಟ್.

ಅಳವಡಿಕೆ: ಕಾರ್ಡುಗಳನ್ನು 19 ಅಂಗುಲ ಅಗಲದ ರ‍್ಯಾಕಿನ ಚೌಕಟ್ಟಿನಲ್ಲಿ ಕೂರಿಸುತ್ತಾರೆ. ಸ್ಥಿರವಿದ್ಯುತ್ತಿನಿಂದ ಬಿಡಿಭಾಗಗಳು ಹಾಳಾಗದಂತೆ ತಂತ್ರಜ್ಞರು ಭೂಸಂಪರ್ಕವಿರುವ ಮಣಿಕಟ್ಟಿನ ಪಟ್ಟಿ ಧರಿಸುತ್ತಾರೆ. ಮೊದಲು ಹಿಂಬದಿಯ ಕನೆಕ್ಟರ್ ಫಲಕವನ್ನು ಬಿಗಿದು, ಬಳಿಕ ಕಾರ್ಡನ್ನು ಹಳಿಗಳ ಗುಂಟ ಒಳಸರಿಸಿ, ಕೊನೆಗೆ ಬಿ.ಎನ್.ಸಿ. ಕೇಬಲುಗಳನ್ನು ಜೋಡಿಸುವುದು ರೂಢಿ. ಮುಂಭಾಗದ ದೀಪಗಳು ವಿದ್ಯುತ್ತು ಮತ್ತು ಸಂಕೇತದ ಇರವನ್ನು ತೋರಿಸುತ್ತವೆ.

ದೂರನಿಯಂತ್ರಣ: ಚೌಕಟ್ಟಿನ ನಿಯಂತ್ರಣ ಕಾರ್ಡಿಗೆ ಐ.ಪಿ. ವಿಳಾಸ ಕೊಟ್ಟು ಈಥರ್ನೆಟ್ ಮೂಲಕ ಕಂಪ್ಯೂಟರಿಗೆ ಜೋಡಿಸಲಾಗುತ್ತದೆ. ಸ್ಲಾಟ್ ಸಂಖ್ಯೆಯಿಂದ ಪ್ರತಿ ಕಾರ್ಡನ್ನೂ ಗುರುತಿಸಿ, ಅದರಲ್ಲಿ ಸೌಲಭ್ಯವಿದ್ದಂತೆ ಸಂಕೇತದ ಮಟ್ಟ, ಕೇಬಲ್ ಸರಿದೂಗಿಕೆ ಮೊದಲಾದವನ್ನು ಬದಲಿಸಬಹುದು. ಸಂಕೇತ ಕಡಿದರೆ ಎಚ್ಚರಿಕೆ ಪಡೆಯಬಹುದು. ಕಾರ್ಡಿನ ಮೇಲೆ ಆಯ್ಕೆಗುಂಡಿಯಿದ್ದರೆ ಅದು ‘ರಿಮೋಟ್’ ಸ್ಥಾನದಲ್ಲಿರಬೇಕು. ನಿಯಂತ್ರಣ ಜಾಲವನ್ನು ಸಾರ್ವಜನಿಕ ಇಂಟರ್ನೆಟ್‌ನಿಂದ ಬೇರೆಯಾಗಿಟ್ಟು ಪಾಸ್‌ವರ್ಡ್‌ನಿಂದ ರಕ್ಷಿಸುವುದು ಅಗತ್ಯ.

ಬೆಳಗಾವಿ ಜಿಲ್ಲೆಯ ಮಸಗುಪ್ಪಿಯಂಥ ಊರುಗಳಲ್ಲಿ ಉಪಗ್ರಹದ ಮೂಲಕ ಕಾಣುವ ದೂರದರ್ಶನದ ಚಂದನ ವಾಹಿನಿಯ ಚಿತ್ರವೂ ಮನೆ ತಲುಪುವ ಮುನ್ನ ಕೇಂದ್ರದೊಳಗೆ ಇಂಥ ವಿತರಣೆಯ ಹಂತಗಳನ್ನು ದಾಟಿಯೇ ಬರುತ್ತದೆ.